ಮೂವತ್ತೊಂದನೆಯ ಬಿಂದು

ವಿಚಿತ್ರ ಅನುಭವಗಳನ್ನು ಹೇಳುವವರನ್ನು ಕಂಡರೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೆ. ಯಾರಾದರೂ "ಕನಸಿನಲ್ಲಿ ಬಂದಿದ್ದರು, ಬೆಳಿಗ್ಗೆ ಎದ್ದರೆ ಅವರದೇ ಫೋನು" ಎಂದು ಶುರು ಮಾಡಿದರೆ, ಕನಸಿನಲ್ಲಿ ಬಂದೂ ಫೋನು ಬಾರದ ದಿನಗಳೆಷ್ಟು, ಎಣಿಸಿದ್ದೀರಾ ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಈ ಗುಣಕ್ಕೆ ನನ್ನ ಹೆಂಡತಿ ಇಟ್ಟಿರುವ ಹೆಸರೇ ಬೇರೆ, ಅದನ್ನು ಇಲ್ಲಿ ಬರೆಯುವುದು ಬೇಡ. ಸಂಖ್ಯಾಶಾಸ್ತ್ರ ಓದಿ ಅದರಲ್ಲೇ ಅನ್ನ ತಿನ್ನುವವನು ನಾನು. ಆಕಸ್ಮಿಕ ಎಂಬ ಒಂದು ಮಾತಿನಲ್ಲಿ ಇಂಥವೆಲ್ಲ ಅಡಗಿಹೋಗುತ್ತವೆ ಎಂದು ನಂಬಿದ್ದೆ. ನಾಲ್ಕೈದು ವರ್ಷದ ಹಿಂದೆ ನನಗೇ ಆದದ್ದನ್ನು ಈಗ ಬರೆಯುತ್ತಿದ್ದೇನೆ. ನಗುವುದಾದರೆ ನಗಿ, ನಾನೂ ಎಷ್ಟೋ ಜನರನ್ನು ನೋಡಿ ನಕ್ಕಿದ್ದೇನೆ.

ಆಗ ನಮ್ಮ ಕಚೇರಿ ಶ್ರೀರಂಗಪಟ್ಟಣದಲ್ಲಿ, ರೈಲು ನಿಲ್ದಾಣದ ಹತ್ತಿರ ಒಂದು ಗೊಬ್ಬರದ ಅಂಗಡಿಯ ಮಹಡಿ ಮೇಲೆ ಇತ್ತು. ಕಚೇರಿ ಎಂದರೆ ನಾನು ಮತ್ತು ಪಾಂಡವಪುರದ ಮಹದೇವು, ಇಬ್ಬರೇ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲಿ ಯಾವ ಬೆಳೆ ಇದೆ ಎಂದು ಉಪಗ್ರಹದ ಚಿತ್ರ ನೋಡಿ ನಕ್ಷೆ ಮಾಡಿಕೊಡುವುದು ನಮ್ಮ ಕೆಲಸ. ಚಿತ್ರ ಎಂದರೆ ಫೋನಿನಲ್ಲಿ ತೆಗೆಯುವ ಫೋಟೋ ಅಲ್ಲ. ಅಷ್ಟು ದೊಡ್ಡದನ್ನು ಒಂದೇ ಸಲ ತೆರೆಯಲು ಹೋದರೆ ನಮ್ಮ ಕಂಪ್ಯೂಟರು ಅಲ್ಲೇ ನಿಂತುಬಿಡುತ್ತಿತ್ತು. ಅದಕ್ಕೇ ಅದನ್ನು ಚೌಕ ಚೌಕವಾಗಿ ಕತ್ತರಿಸಿ, ಮುದ್ದೆಯನ್ನು ತುತ್ತು ಮಾಡಿದ ಹಾಗೆ ಒಂದೊಂದನ್ನೇ ಸಂಖ್ಯಾಶಾಸ್ತ್ರದ ತಂತ್ರಾಂಶಕ್ಕೆ ತಿನ್ನಿಸುತ್ತಿದ್ದೆವು.

ಯಾವ ಬಣ್ಣ ಕಬ್ಬು, ಯಾವ ಬಣ್ಣ ಭತ್ತ ಎಂದು ತಂತ್ರಾಂಶಕ್ಕೆ ತಾನಾಗಿ ಗೊತ್ತಾಗುವುದಿಲ್ಲ, ಕಲಿಸಬೇಕು. ಆ ಕೆಲಸಕ್ಕೆ ನಾಲ್ಕು ತಾಲ್ಲೂಕಿನ ಮೇಲೆ ಎಪ್ಪತ್ತು ಬಿಂದುಗಳನ್ನು ತಂತ್ರಾಂಶವೇ ಕಣ್ಣು ಮುಚ್ಚಿಕೊಂಡು ಎರಚುತ್ತದೆ. ನಾವು ಒಂದೊಂದು ಬಿಂದುವಿಗೂ ಖುದ್ದಾಗಿ ಹೋಗಿ, ಅಲ್ಲಿ ಏನಿದೆ ಎಂದು ಬರೆದುಕೊಂಡು ಬರಬೇಕು. ಹೋಗದೆ ಬರೆಯಕೂಡದು, ಅದೊಂದು ಕಟ್ಟುನಿಟ್ಟು. ಎರಚುವ ಮೊದಲು ನಾವೊಂದು ಸಂಖ್ಯೆ ಕೊಡುತ್ತೇವೆ, ಸೀಡ್ ನಂಬರು ಅಂತ. ಅದೇ ಸಂಖ್ಯೆ ಕೊಟ್ಟರೆ ಯಾರು ಎಷ್ಟು ಸಲ ಎರಚಿದರೂ ಅವೇ ಎಪ್ಪತ್ತು ಜಾಗಗಳು ಬರುತ್ತವೆ. ಸಂಖ್ಯೆ ಬದಲಾಯಿಸಿದರೆ ಜಾಗಗಳೂ ಬದಲಾಗುತ್ತವೆ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಒಂದು ಸೋಮವಾರ ಮಧ್ಯಾಹ್ನ ಬಿಂದುಗಳನ್ನು ಎರಚಿದಾಗ ಮೂವತ್ತೊಂದನೆಯದು ಶೀಳನೆರೆ ಹತ್ತಿರದ ಒಂದು ಸಣ್ಣ ಊರಿನಲ್ಲಿ ಬಿತ್ತು. ಚಿತ್ರವನ್ನು ಹಿಗ್ಗಿಸಿ ನೋಡಿದೆ. ಅದು ನಮ್ಮ ದೊಡ್ಡವ್ವನ ಮನೆಯ ಹಿಂದಿನ ಕಣ.

ದೊಡ್ಡವ್ವ ಎಂದರೆ ನಮ್ಮವ್ವನ ಅಕ್ಕ. ನಾನು ಹುಟ್ಟಿದ ಮೇಲೆ ಅವ್ವ ಒಂದು ವರ್ಷ ಕಾಯಿಲೆ ಮಲಗಿದ್ದಳಂತೆ. ನನ್ನನ್ನು ಎತ್ತಿ ಆಡಿಸಿದ್ದು ದೊಡ್ಡವ್ವ. ನಾನು ಮೊದಲು ಅವ್ವ ಎಂದು ಕರೆದದ್ದೂ ಅವಳನ್ನೇ. ಅಂಥವಳ ಜೊತೆ ಹನ್ನೊಂದು ವರ್ಷದಿಂದ ಮಾತಿರಲಿಲ್ಲ. ನನ್ನ ಮದುವೆಯ ಮೊದಲ ಪತ್ರಿಕೆಯನ್ನು ಅವಳ ಮನೆಗೆ ಹೋಗಿ, ಕುಂಕುಮ ಹಚ್ಚಿ ಅವಳ ಕೈಗೆ ಕೊಡಬೇಕಿತ್ತು. ನಾನು ಅವಸರದಲ್ಲಿ ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಅವಳ ಮಗ ಜವರಣ್ಣನ ಕೈಗೆ ತುರುಕಿ ಬಸ್ಸು ಹತ್ತಿಬಿಟ್ಟೆ. ಅವಳು ಮದುವೆಗೆ ಬರಲಿಲ್ಲ. ಬರಲಿಲ್ಲವೆಂದು ನನಗೂ ಸಿಟ್ಟು. ಅವ್ವ ಆಗಲೇ ತೀರಿಕೊಂಡಿದ್ದಳು, ಮಧ್ಯೆ ನಿಂತು ಬುದ್ಧಿ ಹೇಳುವವರು ಯಾರೂ ಇರಲಿಲ್ಲ. ಸಿಟ್ಟು ಎರಡು ವರ್ಷಕ್ಕೆ ಇಳಿಯಿತು, ಆಮೇಲೆ ಉಳಿದದ್ದು ನಾಚಿಕೆ. ಯಾವತ್ತೋ ಒಂದು ದಿನ ಅವಳು ಹೋದ ಸುದ್ದಿಯೇ ಬಂದುಬಿಡುತ್ತದೆ, ಆಗ ಏನು ಮಾಡುತ್ತೀಯ ಎಂದು ಮನಸ್ಸು ಕೇಳುತ್ತಲೇ ಇತ್ತು. ನಾನು ಹೋಗಲಿಲ್ಲ.

ಆ ಬಿಂದು ನೋಡಿ ನಾನು ಮಾಡಿದ್ದು ಹೇಳಿಕೊಳ್ಳುವಂಥ ಕೆಲಸವಲ್ಲ. ಸೀಡ್ ನಂಬರು ಬದಲಾಯಿಸಿ ಮತ್ತೆ ಎರಚಿದೆ. ಉಳಿದ ಜಾಗಗಳೆಲ್ಲ ಬದಲಾದವು. ಮೂವತ್ತೊಂದನೆಯದು ಮಾತ್ರ ಅದೇ ಕಣದಲ್ಲಿ ಬಿತ್ತು. ಆಕಸ್ಮಿಕ ಎಂದುಕೊಂಡು ನಕ್ಕೆ. ಅದು ಎಂಥ ಅಪರೂಪದ ಆಕಸ್ಮಿಕ ಎಂದು ಗಣಿತ ಮಾಡಲು ಬರುವವನೇ ನಾನು, ಅಂದು ಮಾಡಲಿಲ್ಲ. ಮೂರನೆಯ ಸಲ ಎರಚುವ ಧೈರ್ಯವೂ ಬರಲಿಲ್ಲ.

ಎರಡೂವರೆ ವಾರ ನಾವಿಬ್ಬರೂ ಊರೂರು ತಿರುಗಿದೆವು. ಒಂದು ಬಿಂದು ತೊಣ್ಣೂರು ಕೆರೆಯ ನಟ್ಟನಡುವೆ ಬಿದ್ದಿತ್ತು. ಮಹದೇವು ದಡದವರೆಗೆ ಹೋಗಿ, ಕೈಕಾಲು ತೊಳೆದುಕೊಂಡು, ನೀರು ಎಂದು ಬರೆದುಕೊಂಡು ಬಂದ. ಅಷ್ಟು ನಿಯತ್ತಿನ ಮನುಷ್ಯ. ನಾನು ಬಿಂದುಗಳ ಪಟ್ಟಿಯಲ್ಲಿ ಮೂವತ್ತೊಂದರ ಮುಂದೆ, ಕುರ್ಚಿಯಲ್ಲಿ ಕೂತೇ, ಕಬ್ಬು ಎಂದು ಬರೆದೆ. ನಾನು ಚಿಕ್ಕವನಿದ್ದಾಗ ಆ ಕಣದ ಅಂಚಿನವರೆಗೂ ಕಬ್ಬು ಇರುತ್ತಿತ್ತು, ಅದೊಂದೇ ಆಧಾರ.

ಎಲ್ಲವನ್ನೂ ತಂತ್ರಾಂಶಕ್ಕೆ ಕೊಟ್ಟು ತಾಳೆ ನೋಡಿದಾಗ ಅದು ಮೂವತ್ತೊಂದನ್ನು ಮಾತ್ರ ಒಪ್ಪಲಿಲ್ಲ. ಮಹದೇವು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದ.

"ನೀನು ಓಗ್ದಲೆ ಬರ್ದಿದ್ದೀಯ ಕಣ್ಲಾ. ನೀನು ಕಬ್ಬು ಅಂತೀಯ, ಇದು ಮರ ಅಂತದೆ. ನಿಮ್ಮೋರ ಊರಲ್ವ, ನೀನೇ ಓಗ್ಬುಟ್ಟು ಬಾ."

ಮಾರನೆಯ ಬೆಳಿಗ್ಗೆ ಅದೇ ಪಟ್ಟಿಯ ಹಾಳೆ ಹಿಡಿದು ಬೈಕು ಹತ್ತಿದೆ. ಪಾಂಡವಪುರ ದಾಟುವವರೆಗೂ ವಾಪಸು ತಿರುಗಲು ನೆಪ ಹುಡುಕುತ್ತಿದ್ದೆ. ಊರು ತಲುಪಿದಾಗ ಹತ್ತೂವರೆ. ಮನೆಯ ಮುಂಬಾಗಿಲಿಗೆ ಹೋಗಲು ಮುಖವಿಲ್ಲದೆ ಹಿತ್ತಲ ಕಡೆಯ ಗಾಡಿದಾರಿಯಲ್ಲಿ ನಡೆದೆ, ಒಂದು ಕೈಯಲ್ಲಿ ಹಾಳೆ, ಇನ್ನೊಂದರಲ್ಲಿ ಫೋನಿನ ನಕ್ಷೆ. ನಲವತ್ತು ಮೀಟರು, ಇಪ್ಪತ್ತು, ಎಂಟು. ಕಬ್ಬು ಇರಲಿಲ್ಲ. ನಾನು ಕೊನೆಯ ಸಲ ನೋಡಿದಾಗ ಮೊಳಕಾಲುದ್ದ ಇದ್ದ ಹೊಂಗೆ ಸಸಿ ಮರವಾಗಿ ಅರ್ಧ ಕಣಕ್ಕೆ ನೆರಳು ಕೊಟ್ಟಿತ್ತು. ನೆರಳಿನಲ್ಲಿ ಒಂದು ಮಂಚ. ಮಂಚದ ಪಕ್ಕ ನಿಂತಾಗ ಫೋನು ಸೊನ್ನೆ ತೋರಿಸಿತು. ಮಂಚದ ಮೇಲೆ ದೊಡ್ಡವ್ವ ಮಲಗಿದ್ದಳು, ಒಂದು ಹಿಡಿಯಷ್ಟಾಗಿ.

"ಬಂದ್ಯಾ ಮಗ. ಕುಂತ್ಕೊ," ಎಂದಳು. ಬೆಚ್ಚಲಿಲ್ಲ, ಅಳಲಿಲ್ಲ. ಆಮೇಲೆ ನನ್ನ ಕೈ ನೋಡಿ, "ಅದೇನ್ಲಾ ಕೈಲಿ? ಪತ್ರಿಕೆಯಾ?" ಎಂದಳು.

ತಮಾಷೆಗೆ ಕೇಳಿದಳೋ, ನಿಜವಾಗಿಯೇ ಹಾಗೆ ತಿಳಿದಳೋ, ನನಗೆ ಇವತ್ತಿಗೂ ಗೊತ್ತಿಲ್ಲ.

"ಊಂ ದೊಡ್ಡವ್ವ, ಪತ್ರಿಕೆಯೇ. ವಸಿ ತಡವಾಗೋಯ್ತು," ಎಂದು ಹಾಳೆಯನ್ನು ಎರಡೂ ಕೈಯಿಂದ ಕೊಟ್ಟೆ.

"ಬರೀ ಪತ್ರಿಕೆ ಕೊಡ್ತಾರೇನ್ಲಾ," ಎಂದು ಸೊಸೆಯನ್ನು ಕೂಗಿ ಕುಂಕುಮದ ಬಟ್ಟಲು ತರಿಸಿದಳು. ಹಾಳೆಯ ಮೂಲೆಗೆ ನಾನು ಕುಂಕುಮ ಹಚ್ಚಿದೆ. ಅವಳು ಅದೇ ಕುಂಕುಮವನ್ನು ನನ್ನ ಹಣೆಗಿಟ್ಟು, ಹಾಳೆಯನ್ನು ಮಡಿಸಿ ದಿಂಬಿನ ಕೆಳಗೆ ಇಟ್ಟುಕೊಂಡಳು. ನಾನು ಅವಳ ಪಾದ ಹಿಡಿದುಕೊಂಡು ಮಗುವಿನ ಹಾಗೆ ಅತ್ತೆ. ಬರೆಯಲು ನಾಚಿಕೆಯೇನಿಲ್ಲ.

ಅತ್ತಿಗೆ, ಅಂದರೆ ಜವರಣ್ಣನ ಹೆಂಡತಿ, ಆಮೇಲೆ ಹೇಳಿದರು. ದೊಡ್ಡವ್ವ ಮೇಲೇಳಲಾರದೆ ಇಪ್ಪತ್ತು ದಿನವಾಗಿತ್ತು. ನನಗೆ ಹೇಳಿಕಳಿಸೋಣ ಎಂದರೆ ಬಿಟ್ಟಿರಲಿಲ್ಲ. "ಯಾರ್ಗೂ ಯೋಳ್ಬ್ಯಾಡಿ, ಬರೋನು ತಾನಾಗೇ ಬತ್ತಾನೆ ಅಂದ್ಬುಟ್ರು ಕಣಪ್ಪ. ಬೆಳಗಾದ್ರೆ ಮಂಚ ಈಚೆಗೆ ಆಕಿ ಅಂತ ಒಂದೇ ಅಟ."

ಯಾಕೆ ಈಚೆಗೆ ಎಂದು ದೊಡ್ಡವ್ವನನ್ನೇ ಕೇಳಿದೆ.

"ಒಳ್ಗೆ ಮಲೀಕಂಡ್ರೆ ಯಾರ್ಗ್ ಕಾಣ್ತೀನ್ಲಾ?" ಎಂದಳು.

ಮೊದಲ ಸಲ ಮಂಚವನ್ನು ಈಚೆಗೆ ಹಾಕಿದ್ದು ಯಾವತ್ತು ಎಂದು ವಿಚಾರಿಸಿದೆ. ಅತ್ತಿಗೆಗೆ ಚೆನ್ನಾಗಿ ನೆನಪಿತ್ತು, ಏಕೆಂದರೆ ಅಂದೇ ಅವರ ಸೀಮೆಹಸು ಕರು ಹಾಕಿತ್ತು. ಸೋಮವಾರ, ಊಟದ ಹೊತ್ತು. ಕಚೇರಿಗೆ ಬಂದು ಕಡತ ತೆರೆದೆ. ನಾನು ಮೊದಲ ಸಲ ಬಿಂದುಗಳನ್ನು ಎರಚಿದ್ದೂ ಅದೇ ಸೋಮವಾರ, ಅದೇ ಹೊತ್ತು. ಚಿತ್ರದಲ್ಲಿ ಮಂಚ ಕಂಡಿರಬಹುದು ಎನ್ನುತ್ತೀರೋ? ಆ ಚಿತ್ರ ಅದಕ್ಕೂ ಎಷ್ಟೋ ದಿನ ಮೊದಲಿನದು, ಮಂಚ ಕಾಣುವಷ್ಟು ಸೂಕ್ಷ್ಮವೂ ಅಲ್ಲ. ಬಿಂದುಗಳನ್ನು ಎರಚುವಾಗ ತಂತ್ರಾಂಶ ಚಿತ್ರದಲ್ಲೇನಿದೆ ಎಂದು ನೋಡುವುದೂ ಇಲ್ಲ.

ಇಷ್ಟೇ ಆಗಿದ್ದರೆ ಆಕಸ್ಮಿಕವೆಂದು ಈಗಲೂ ಹೇಳುತ್ತಿದ್ದೆನೋ ಏನೋ. ಕೆಲಸ ಒಪ್ಪಿಸುವ ಮುಂಚೆ ಎಲ್ಲವನ್ನೂ ಮೊದಲಿಂದ ಮತ್ತೊಮ್ಮೆ ಓಡಿಸಿ, ಅದೇ ಫಲ ಬರುತ್ತದೆಯೇ ಎಂದು ನೋಡುವುದು ಪದ್ಧತಿ. ಅದೇ ಕಂಪ್ಯೂಟರು, ಅದೇ ಚಿತ್ರ, ಅದೇ ಸೀಡ್ ನಂಬರು. ಅರವತ್ತೊಂಬತ್ತು ಬಿಂದುಗಳು ಕೂದಲೆಳೆಯಷ್ಟೂ ಆಚೀಚೆಯಾಗದೆ ತಮ್ಮ ಜಾಗದಲ್ಲೇ ಬಿದ್ದವು. ಮೂವತ್ತೊಂದನೆಯದು ಹೋಗಿ ನಾಗಮಂಗಲದ ಕಡೆ ಯಾರದೋ ಹೊಲದಲ್ಲಿ ಬಿತ್ತು. ಮತ್ತೆ ಓಡಿಸಿದೆ, ಅಲ್ಲೇ. ಹತ್ತು ಸಲ ಓಡಿಸಿದೆ, ಅಲ್ಲೇ. ಮೊದಲ ನಂಬರು ಕೊಟ್ಟೂ ನೋಡಿದೆ, ಶೀಳನೆರೆಯ ಕಡೆ ಒಂದು ಬಿಂದುವೂ ಬೀಳಲಿಲ್ಲ.

"ನೀನೇ ಎಲ್ಲೋ ತಪ್ಪು ಮಾಡಿರ್ತೀಯ ಬುಡ್ಲಾ," ಎಂದ ಮಹದೇವು. ಇರಬಹುದು. ಆದರೆ ನಂಬರು ತಪ್ಪಿದ್ದರೆ ಎಪ್ಪತ್ತೂ ಬದಲಾಗಬೇಕಿತ್ತು, ಒಂದೇ ಒಂದಲ್ಲ.

ಆಮೇಲೆ ಪ್ರತಿ ಭಾನುವಾರ ದೊಡ್ಡವ್ವನ ಹತ್ತಿರ ಹೋದೆ, ಹೆಂಡತಿ ಮಕ್ಕಳನ್ನೂ ಕರೆದುಕೊಂಡು. ಹದಿನಾಲ್ಕು ಭಾನುವಾರ ಸಿಕ್ಕವು. ಶಿವರಾತ್ರಿಗೆ ಮುಂಚೆ ಅವಳು ಹೋದಳು, ನಾನು ಪಕ್ಕದಲ್ಲೇ ಇದ್ದೆ. ತಿಥಿಯ ದಿನ ಅತ್ತಿಗೆ ದಿಂಬಿನ ಕೆಳಗಿದ್ದ ಹಾಳೆಯನ್ನು ನನಗೆ ಕೊಟ್ಟರು. ಅದೀಗ ನನ್ನ ಬೀರುವಿನಲ್ಲಿದೆ. ಮೂಲೆಯಲ್ಲಿ ಕುಂಕುಮ, ಮೂವತ್ತೊಂದನೆಯ ಸಾಲಿನಲ್ಲಿ ಆ ಕಣ.

ಇದಕ್ಕೆ ನನ್ನ ಹತ್ತಿರ ವಿವರಣೆ ಇಲ್ಲ. ಹುಡುಕುವುದನ್ನು ಬಿಟ್ಟಿಲ್ಲ, ಸಿಕ್ಕಿಯೂ ಇಲ್ಲ. ಕಳೆದ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ, ಬೀರುವಿನಿಂದ ಆ ಹಾಳೆ ತೆಗೆದುಕೊಂಡು, ಆ ಬಿಂದು ಈಗ ಬೀಳುವ ನಾಗಮಂಗಲದ ಹೊಲ ಹುಡುಕಿಕೊಂಡು ಹೋದೆ. ಯಾರದೆಂದು ಗೊತ್ತಿಲ್ಲ, ಅಲ್ಲಿ ಯಾರೂ ಇರಲೂ ಇಲ್ಲ. ಕಟಾವಿಗೆ ಬಂದ ರಾಗಿ ಇತ್ತು. ಬದುವಿನ ಮೇಲೆ ಸ್ವಲ್ಪ ಹೊತ್ತು ಕೂತೆ. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಹಾಳೆಯಲ್ಲಿ ಮೂವತ್ತೊಂದರ ಮುಂದಿದ್ದ ಕಬ್ಬು ಎಂಬುದನ್ನು ಹೊಡೆದುಹಾಕಿ, ರಾಗಿ ಎಂದು ಬರೆದುಕೊಂಡು ಬಂದೆ.