ಚಾಂದನಿ ಕೊರಳಿನ ಕೊಬ್ಬರಿ ಹಾರ

ಶಿಕಾರಿಪುರದಲ್ಲಿ ನಾನು ನೋಡಿದ ಮೊದಲ ಬಾಡಿಗೆ ಮನೆಯ ನಡುಮನೆಯಲ್ಲಿ ಒಂದು ದೊಡ್ಡ ಫೋಟೊ ಇತ್ತು. ಅದಕ್ಕೆ ಗಂಧದ ಹಾರ, ಕೆಳಗೊಂದು ಸಣ್ಣ ಕೆಂಪು ಬಲ್ಬು. ಮನೆಯೊಡತಿ ಗಿರಿಜಮ್ಮ ಅತ್ತ ಕೈ ತೋರಿಸಿ, "ಹೋಗಿ ಮೂರು ವರ್ಷ ಆತು ರೀ. ಈಗ್ಲೂ ಊಟಕ್ಕೆ ಕುಂತ್ರೆ ನೆನಪಾಗ್ತೈತೆ" ಎಂದರು. ನಾನು ಮುಖ ಸಣ್ಣ ಮಾಡಿಕೊಂಡು ಹತ್ತಿರ ಹೋಗಿ ನೋಡಿದೆ. ಫೋಟೊದಲ್ಲಿದ್ದದ್ದು ಒಂದು ಹೋರಿ. ಕೊಂಬಿಗೆ ಬಲೂನು, ಬೆನ್ನಿಗೆ ಜರಿ ಬಟ್ಟೆ, ಕೊರಳಿಗೆ ಕೊಬ್ಬರಿ ಗಿಟುಕಗಳ ಹಾರ.

"ಒಂದು ಸಲಾನೂ ಯಾರ ಕೈಗೂ ಸಿಕ್ಕಿದ್ದಿಲ್ಲ ನಮ್ಮ ಹುಡುಗ," ಎಂದರು. "ನಿಮ್ಮ ಮೈಸೂರು ಕಡೆ ಹೋರಿ ಬಿಡ್ತಾರೇನ್ರೀ?"

ಇಲ್ಲ ಎಂದೆ.

"ಹಂಗಾರೆ ಹಬ್ಬ ಅಂತ ಏನು ಮಾಡ್ತೀರಿ ಮತ್ತೆ?"

ದಸರೆಯ ಊರಿನವಳಾದ ನಾನು ನಕ್ಕು, ಮುಂಗಡ ಎಷ್ಟೆಂದು ಕೇಳಿದೆ. ಮನೆ ಹಿಡಿಸಿತು.

ದೀಪಾವಳಿ ಕಳೆದ ಮೇಲೆ ತಿಂಗಳುಗಟ್ಟಲೆ ಶಿಕಾರಿಪುರ, ಸೊರಬದ ಊರೂರಲ್ಲಿ ಹೀಗೆ ಸಿಂಗರಿಸಿದ ಹೋರಿಗಳನ್ನು ಜನರ ನಡುವೆ ಓಡಿಸುತ್ತಾರೆ. ಎರಡೂ ಕಡೆ ಜನ ನಿಂತು ಓಣಿಯಂಥ ದಾರಿ ಮಾಡುತ್ತಾರೆ. ಗಟ್ಟಿಗರು ಮುಂದೆ ನುಗ್ಗಿ ಹೋರಿಯನ್ನು ತಬ್ಬಿ ಹಿಡಿದು ಕೊರಳಿನ ಕೊಬ್ಬರಿ ಕೀಳುತ್ತಾರೆ. ಯಾರ ಕೈಗೂ ಸಿಗದೆ ದಾಟಿಹೋದ ಹೋರಿಗೆ ಹೆಸರು. ಗಿರಿಜಮ್ಮ ಇದನ್ನೆಲ್ಲ ಮೊದಲ ದಿನವೇ ಹೇಳಿದ್ದರು. ನನಗದು ಅರ್ಥವಾದದ್ದು ತಿಂಗಳುಗಳ ಮೇಲೆ, ಓಡುತ್ತಿದ್ದ ಕುದುರೆಯ ಬೆನ್ನ ಮೇಲೆ.

ಮೈಸೂರಿನ ಓದುಗರಿಗೆ, ಅದರಲ್ಲೂ ಭಾನುವಾರ ಬೆಳಿಗ್ಗೆ ನನ್ನ ಜೊತೆ ಸವಾರಿ ಶಾಲೆಗೆ ಬರುತ್ತಿದ್ದ ಗೆಳತಿಯರಿಗೆ, ನಾನು ಇಲ್ಲಿ ಏನು ಮಾಡಿಕೊಂಡಿದ್ದೇನೆ ಎಂದು ಹೇಳಬೇಕು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಬಂದ ತಿಂಗಳೇ ಮೈಸೂರಿಗೆ ವರ್ಗಾವಣೆ ಕೋರಿ ಅರ್ಜಿ ಹಾಕಿದ್ದೆ. ವಾರವೆಲ್ಲ ಹೇಗೋ ಕಳೆಯುತ್ತಿತ್ತು. ಭಾನುವಾರ ಮಾತ್ರ ಕೈಕಾಲು ಎಲ್ಲಿಡಬೇಕೋ ತಿಳಿಯುತ್ತಿರಲಿಲ್ಲ. ಹನ್ನೆರಡು ವರ್ಷ ವಾರಕ್ಕೊಮ್ಮೆ ಕುದುರೆ ಹತ್ತಿದವಳು, ಇಲ್ಲಿ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದು ಕಿಟಕಿಯ ಬಳಿ ಕೂತು ತಿನ್ನುತ್ತಿದ್ದೆ. ಮೆಣಸಿನಕಾಯಿ ಬಜ್ಜಿಯ ಖಾರಕ್ಕೆ ಕಣ್ಣಲ್ಲಿ ನೀರು ಬರುತ್ತಿತ್ತು ಎಂದು ಅಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದೆ. ಪೂರ್ತಿ ನಿಜವಲ್ಲ.

ಚಾಂದನಿಯನ್ನು ಕಂಡದ್ದು ಒಂದು ಮದುವೆ ಮೆರವಣಿಗೆಯಲ್ಲಿ. ಬಿಳಿಯ ಹೆಣ್ಣುಕುದುರೆ, ಬೆನ್ನ ಮೇಲೆ ಬೆವರುತ್ತಿದ್ದ ಮದುಮಗ. ಬ್ಯಾಂಡಿನ ಸದ್ದು ಏರಿ ಹುಡುಗರು ಕೈ ಎತ್ತಿ ಕುಣಿಯುತ್ತ ಸುತ್ತ ಮುತ್ತಿದರೆ ಅವಳು ನಿಂತುಬಿಡುತ್ತಿದ್ದಳು. ಹಿಂಗಾಲ ಮೇಲೆ ಭಾರ ಹಾಕಿ, ನಿಂತಲ್ಲೇ ಒಂದು ಸುತ್ತು ತಿರುಗುತ್ತಿದ್ದಳು. ಲಗಾಮು ಹಿಡಿದಿದ್ದವರು ದಸ್ತಗೀರ್ ಸಾಬರು. ಅವರ ತಂದೆ ಟಾಂಗಾ ಓಡಿಸಿದವರು, ಅಜ್ಜ ಲಾಳ ಕಟ್ಟಿದವರು. ಟಾಂಗಾ ಹೋಯಿತು, ಮದುವೆ ಕುದುರೆ ಉಳಿಯಿತು. ಮರುದಿನವೇ ಅವರ ಮನೆ ಹುಡುಕಿಕೊಂಡು ಹೋದೆ.

ಆಷಾಢದಲ್ಲಿ ಮದುವೆಗಳಿಲ್ಲದೆ ಚಾಂದನಿ ಕಟ್ಟಿದಲ್ಲೇ ನಿಂತಿರುತ್ತಿದ್ದಳು. "ಹತ್ತಿಸಿಕೊಂಡು ತಿರುಗಾಡಿಸಿ, ನನಗೂ ಉಪಕಾರ," ಎಂದರು ಸಾಬರು. "ಒಂದೇ ಮಾತು ಮೇಡಂ. ಇವಳ ನಾಲ್ಕು ಕಾಲ ಮೇಲೆ ನಮ್ಮನೆ ಐದು ಜನ ನಿಂತಿದ್ದೀವಿ. ಕಾಲು ಜೋಪಾನ."

ನಾನು ಮಾತು ಕೊಟ್ಟೆ.

ಪೀಪಾಯಿ ಓಟದ ಹುಚ್ಚು ಹತ್ತಿದ್ದು ಆ ಮೇಲೆ. ಅಮೆರಿಕದ ಹಳ್ಳಿಗಳ ಹೆಂಗಸರು ಆಡುವ ಆಟ, ವೀಡಿಯೊಗಳಲ್ಲಿ ನೋಡಿದ್ದೆ. ಬಯಲಲ್ಲಿ ತ್ರಿಕೋನವಾಗಿ ಮೂರು ಪೀಪಾಯಿ. ಕುದುರೆ ಓಡಿಬಂದು ಒಂದನ್ನು ಬಲಕ್ಕೆ, ಉಳಿದೆರಡನ್ನು ಎಡಕ್ಕೆ ಸುತ್ತಿ, ಹೊರಟ ಕಡೆಗೇ ನೇರವಾಗಿ ನಾಗಾಲೋಟದಲ್ಲಿ ವಾಪಸು ಬರಬೇಕು. ಪೀಪಾಯಿ ಬೀಳಬಾರದು. ಕಡಿಮೆ ಹೊತ್ತಿನಲ್ಲಿ ಬಂದವರು ಗೆದ್ದರು. ಮೈಸೂರಿನಲ್ಲಿದ್ದಾಗ ಇದು ನನಗಲ್ಲ ಅಂದುಕೊಂಡಿದ್ದೆ. ಚಾಂದನಿ ನಿಂತಲ್ಲೇ ತಿರುಗುವುದನ್ನು ನೋಡಿದ ಮೇಲೆ, ಇವಳಿಗಾಗಿಯೇ ಯಾರೋ ಈ ಆಟ ಕಟ್ಟಿದ್ದಾರೆ ಅನ್ನಿಸಿತು.

ಧನುರ್ಮಾಸ ಬಂದು ಮದುವೆಗಳು ಮತ್ತೆ ನಿಂತಾಗ, ಅಂಜನಾಪುರದ ಕಾಲುವೆ ಪಕ್ಕದ ಗಿರಿಜಮ್ಮನ ಗದ್ದೆ ಕೊಯ್ಲು ಮುಗಿದು ಖಾಲಿಯಾಗಿತ್ತು. ಅವರ ಹಿತ್ತಲಿನ ಮೂರು ನೀಲಿ ನೀರಿನ ಡ್ರಮ್ಮುಗಳನ್ನು ಲಗೇಜ್ ಆಟೊದಲ್ಲಿ ಹೇರಿಕೊಂಡು ಹೋದೆವು. "ಇವನ್ನ ಸುತ್ತಾಕೆ ಎಂ.ಎಸ್ಸಿ. ಓದ್ಬೇಕಿತ್ತಾ ತಂಗಿ?" ಎಂದರು ಗಿರಿಜಮ್ಮ. ಅಷ್ಟು ಹೊತ್ತಿಗೆ ನಾನು ಅವರಿಗೆ ಮೇಡಂ ಹೋಗಿ ತಂಗಿ ಆಗಿದ್ದೆ.

ಹನ್ನೆರಡು ವರ್ಷದ ಅನುಭವ ಮೊದಲು ಅಡ್ಡವೇ ಬಂತು. ಮೋಜಿನ ಸವಾರಿಯಲ್ಲಿ ಕುದುರೆ ತನ್ನ ಪಾಡಿಗೆ ಹೋಗುತ್ತದೆ, ನಾವು ಮರಗಿಡ ನೋಡುತ್ತ ಕೂತಿರುತ್ತೇವೆ. ಇಲ್ಲಿ ಕಣ್ಣು ಕುದುರೆಗಿಂತ ಮುಂದೆ ಹೋಗಬೇಕು. ನಾನು ಡ್ರಮ್ಮನ್ನು ನೋಡಿದರೆ ಚಾಂದನಿ ಡ್ರಮ್ಮಿಗೇ ನುಗ್ಗುತ್ತಿದ್ದಳು. ಬೇಗ ತಿರುಗಿಸುವ ಆತುರಕ್ಕೆ ಒಳಕ್ಕೆ ವಾಲುತ್ತಿದ್ದೆ. ಮಂಡಿ ಬಡಿದು ಡ್ರಮ್ಮು ಉರುಳುತ್ತಿತ್ತು. ಎರಡೂ ಮಂಡಿ ಡ್ರಮ್ಮಿನ ಬಣ್ಣಕ್ಕೇ ತಿರುಗಿದ್ದವು.

ನನ್ನ ವೀಡಿಯೊಗಳು ಬಿಡಿಸದ ಗಂಟನ್ನು ದಸ್ತಗೀರ್ ಸಾಬರು ಬದುವಿನ ಮೇಲೆ ಕೂತು ಬಿಡಿಸಿದರು. "ಟಾಂಗಾನ ಸಂದಿಯೊಳಗೆ ತಿರುಗಿಸೋರು ನಮ್ಮಪ್ಪ. ಚಕ್ರ ಮೂಲೆಕಲ್ಲು ದಾಟೋವರೆಗೂ ಲಗಾಮು ಮುಟ್ತಿರಲಿಲ್ಲ. ಕುದುರೆ ಮೂತಿ ದಾಟಿದ್ರೆ ಸಾಲಲ್ಲ ಮೇಡಂ, ಚಕ್ರ ದಾಟಬೇಕು. ನಿಮ್ಮ ಕಾಲೇ ಚಕ್ರ ಅಂದುಕೊಳ್ಳಿ."

ಮರುದಿನ ನನ್ನ ಕಾಲು ಡ್ರಮ್ಮಿನ ನೇರಕ್ಕೆ ಬರುವವರೆಗೂ ಕಾದೆ. ಚಾಂದನಿ ಮೆರವಣಿಗೆಯ ಹಾಗೇ ಹಿಂಗಾಲ ಮೇಲೆ ಕೂತು ತಿರುಗಿದಳು. ಡ್ರಮ್ಮು ಅಲುಗಲಿಲ್ಲ. ಮೊದಲು ನಡಿಗೆ, ವಾರಗಳ ಮೇಲೆ ಸಣ್ಣ ಓಟ, ಕೊನೆಗೊಂದು ದಿನ ಮೂರನೆಯ ಡ್ರಮ್ಮು ಸುತ್ತಿದವಳೇ ನಾನು ಕೇಳದೆಯೇ ಕಿವಿ ಹಿಂದಕ್ಕೆ ಮಾಡಿ ಹಾರಿದಳು. ಆ ದಿನ ಸಾಬರು ಪರವೂರಿಗೆ ಹೋಗಿದ್ದರು. ನೋಡಿದವರು ಬುತ್ತಿ ತಂದಿದ್ದ ಗಿರಿಜಮ್ಮ ಒಬ್ಬರೇ. ರೊಟ್ಟಿ ಕೈಯಲ್ಲಿ ಹಿಡಿದು ಅವರು ಶಿಳ್ಳೆ ಹಾಕಿದರು. ಮೈಸೂರಿನಲ್ಲಿ ನನ್ನ ಸವಾರಿಗೆ ಯಾರೂ ಶಿಳ್ಳೆ ಹಾಕಿರಲಿಲ್ಲ.

ಸುದ್ದಿ ಸೊರಬದವರೆಗೆ ಹೋಯಿತು. ಆ ಕಡೆಯ ಒಂದು ಊರಿನಲ್ಲಿ ಹೋರಿ ಬಿಡುವ ದಿನ, ಹೋರಿಗಳೆಲ್ಲ ಓಡಿದ ಮೇಲೆ ನಮ್ಮ ಡ್ರಮ್ಮಿನ ಓಟವನ್ನೂ ತೋರಿಸಿ ಎಂದು ಕರೆದರು. ಕರೆಯಲು ಬಂದವನು ಹಾಲೇಶ, ಆ ಸೀಮೆಯಲ್ಲೇ ಹೆಸರಾದ ಹೋರಿ ಹಿಡಿಯುವವನು. ನಡುಮನೆಯ ಫೋಟೊ ನೋಡಿ ಅವನು ಕೈ ಮುಗಿದ. ಗಿರಿಜಮ್ಮನಿಗೆ ಅಷ್ಟೇ ಸಾಕಾಯಿತು.

"ನಮ್ಮ ಹುಡುಗನ್ನ ಹಿಡಿಯಾಕೆ ಮೂರು ಸಲ ಬಂದು ಮೂರು ಸಲಾನೂ ಮಣ್ಣು ಮುಕ್ಕಿದೋನು ಇವನೇ ನೋಡು ತಂಗಿ."

"ಅದು ಹೋರಿ ಅಲ್ಲ ಮಾರಾಯ್ರೆ, ಗಾಳಿ," ಎಂದು ಹಾಲೇಶ ನಕ್ಕ. "ನಿಮ್ಮನೆ ಕೊಬ್ಬರಿ ತಿನ್ನೋ ಋಣ ನಂಗಿಲ್ಲ ಬಿಡಿ."

ಹೋರಿ ಬಿಡುವ ದಿನ ಬೆಳಿಗ್ಗೆ ಗಿರಿಜಮ್ಮ ಒಂದು ಹಾರ ತಂದರು. ಹುರಿಹಗ್ಗಕ್ಕೆ ಪೋಣಿಸಿದ ಕೊಬ್ಬರಿ ಗಿಟುಕಗಳು, ನಡುವೆ ಅವರ ಹೋರಿಯ ಹಳೆಯ ಗೆಜ್ಜೆ. ಓಡುವ ಪ್ರಾಣಿಯ ಕೊರಳು ಬರಿದಾಗಿರಬಾರದು ಎಂದರು. ದಸರೆ ಆನೆಗಳ ಹಾರ ನೋಡಿ ಬೆಳೆದ ನನಗೆ ಅದು ಬರೀ ಸಿಂಗಾರವಾಗಿ ಕಂಡಿತು. ನಾನೇ ಕಟ್ಟಿದೆ. ಸಾಬರು ಆಗಲೇ ಡ್ರಮ್ಮುಗಳ ಜೊತೆ ಮುಂದೆ ಹೋಗಿದ್ದರು. ಅಲ್ಲಿಗೆ ತಲುಪಿದಾಗ ಎದುರಿಗೆ ಸಿಕ್ಕ ಹಾಲೇಶನಿಗೆ ಗಿರಿಜಮ್ಮ, "ಈ ಸಲನಾದ್ರೂ ಒಂದು ಹೋಳು ಸಿಗ್ತೈತೇನೋ ನೋಡಪ್ಪಾ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಈಗ ರಾತ್ರಿ ಹಗಲು ನಾನು ತಿರುಗಿ ತಿರುಗಿ ನೋಡುವುದು ಆ ನಗುವಿನಿಂದಲೇ ಶುರುವಾಗುತ್ತದೆ.

ಮೂರು ಡ್ರಮ್ಮೂ ಅಲುಗದೆ ಸುತ್ತಿದೆವು. ತಲೆ ಎತ್ತಿದೆ. ಹೊರಟಾಗ ಅಗಲವಾಗಿದ್ದ ಬಯಲು ಈಗ ಓಣಿಯಾಗಿತ್ತು. ಜನ ಎರಡೂ ಕಡೆಯಿಂದ ಒಳಗೆ ಸರಿದು ಕೂಗುತ್ತಿದ್ದರು. ನನ್ನನ್ನು ಹುರಿದುಂಬಿಸಲು ಬಂದಿದ್ದಾರೆ ಅಂದುಕೊಂಡು ಲಗಾಮನ್ನು ಇನ್ನಷ್ಟು ಸಡಿಲ ಬಿಟ್ಟೆ. ಚಾಂದನಿಯ ಎರಡು ಕಿವಿಗಳ ನಡುವೆ ಹಾಲೇಶ ಬಂದ. ಕೈ ಅಗಲಿಸಿದ್ದ. ಅವನು ನನ್ನನ್ನು ನೋಡುತ್ತಿರಲಿಲ್ಲ, ಹಾರವನ್ನು ನೋಡುತ್ತಿದ್ದ. ಒಂದು ಕಡೆಯಿಂದ ಸಾಬರು "ಹಟೋ! ಹಟೋ!" ಎಂದು ಜನರನ್ನು ಸರಿಸಲು ಕಿರುಚಿದ್ದು ಕೇಳಿತು. ಆಮೇಲೆ ಕಂಡದ್ದು ಹಾಲೇಶನ ಬಿಚ್ಚಿದ ಅಂಗೈ ಒಂದೇ.

ಎಷ್ಟು ವೇಗಕ್ಕೆ ಎಷ್ಟು ದೂರದಲ್ಲಿ ನಿಲ್ಲಲು ಸಾಧ್ಯ ಎಂದು ಕಪ್ಪುಹಲಗೆಯ ಮೇಲೆ ಬರೆದು ತೋರಿಸುವುದೇ ನನ್ನ ಕೆಲಸ. ಆ ಲೆಕ್ಕದ ಪ್ರಕಾರ ಹಾಲೇಶ ಉಳಿಯುವಂತಿರಲಿಲ್ಲ. ನಾನು ಲಗಾಮು ಎಳೆದೆನೇ? ಎಷ್ಟು ಸಲ ಹಿಂದಕ್ಕೆ ಹೋಗಿ ನೋಡಿದರೂ ನನ್ನ ಕೈ ಕಾಣುವುದಿಲ್ಲ. ಮಾಡಿದ್ದೆಲ್ಲ ಚಾಂದನಿ. ಸುತ್ತ ಜನ ಮುತ್ತಿದರು, ಕೈಗಳು ಮೇಲೆದ್ದವು. ಅವಳ ಪಾಲಿಗೆ ಅದು ಮೆರವಣಿಗೆ. ಹಿಂಗಾಲು ಮಣ್ಣಿಗೆ ಊರಿ ಕುಸಿದು ಕೂತು, ಜಾರುತ್ತ ಜಾರುತ್ತಲೇ ತಿರುಗಿದಳು. ನಾನು ಹಾರಿಬಿದ್ದೆ. ಹಾರ ಹರಿಯಿತು. ನೆಲದ ಮೇಲೆ ಅಂಗಾತ ಬಿದ್ದಿದ್ದ ಹಾಲೇಶನ ಕಿವಿಯ ಪಕ್ಕ, ಒಂದು ಗೇಣಿನಷ್ಟೂ ದೂರವಿಲ್ಲದೆ, ಅವಳ ಲಾಳ ಮಣ್ಣಿನಲ್ಲಿ ಹೂತಿದ್ದನ್ನು ನಾನು ಮಲಗಿದಲ್ಲಿಂದಲೇ ನೋಡಿದೆ. ಗೆಜ್ಜೆ ಇನ್ನೂ ಉರುಳುತ್ತಿತ್ತು.

ಹಾಲೇಶನ ಹೆಗಲಿನ ಕಾಲರ್ ಬೋನ್ ಮುರಿದಿತ್ತು. ಹೆಲ್ಮೆಟ್ ಇದ್ದದ್ದರಿಂದ ನನಗೆ ಮೈಕೈ ನೋವಷ್ಟೇ. ಚಾಂದನಿ ಎಡ ಮುಂಗಾಲನ್ನು ನೆಲಕ್ಕೆ ಊರಲಿಲ್ಲ.

ಆಸ್ಪತ್ರೆಯಲ್ಲಿ ಹಾಲೇಶನೇ ನನಗೆ ಸಮಾಧಾನ ಹೇಳಿದ. "ಹೋರಿ ಹತ್ತಿರ ಬಂದ್ರೆ ತಲೆ ತಗ್ಗಿಸ್ತದೆ ಮೇಡಂ. ಕುದುರೆ ಎತ್ತುತ್ತದೆ ಅಂತ ನಂಗೆಂತ ಗೊತ್ತು? ನೀವು ಮೇಲೆ ಕೂತಿದ್ದೇ ನಂಗೆ ಕಾಣ್ಲಿಲ್ಲ. ಓಡೋದರ ಬೆನ್ನ ಮೇಲೆ ಜನ ಇರೋದು ನಮ್ಮಲ್ಲಿ ಇಲ್ಲವಲ್ಲ." ಗಿರಿಜಮ್ಮ ಬಾಗಿಲ ಬಳಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಿದ್ದರು. "ನನ್ನ ಬಾಯಿ ಸುಡಲಿ" ಎಂದು ಎಷ್ಟು ಸಲ ಅಂದರೋ.

ದಸ್ತಗೀರ್ ಸಾಬರು ಆಸ್ಪತ್ರೆಗೆ ಬರಲಿಲ್ಲ, ಚಾಂದನಿಯ ಪಕ್ಕದಲ್ಲೇ ಇದ್ದರು. ಪಶುವೈದ್ಯರು ನರ ಉಳುಕಿದೆ, ಬಾವು ಇಳಿದ ಮೇಲೆಯೇ ಹೇಳಬಹುದು, ಇಳಿಯುವವರೆಗೂ ಹರಿಯುವ ತಣ್ಣೀರಿನಲ್ಲಿ ನಿಲ್ಲಿಸಿ ಎಂದರು. ಮದುವೆಗಳು ಶುರುವಾಗಿದ್ದವು. ಸಾಬರ ಮನೆಗೆ ಬಂದವರು ಬೇರೆ ಊರಿನ ಕುದುರೆ ಗೊತ್ತು ಮಾಡಿಕೊಂಡು ಹೋಗುತ್ತಿದ್ದರು. ನಾನು ದಿನಾ ಬೆಳಿಗ್ಗೆ ಕಾಲೇಜಿಗೆ ಮುಂಚೆ ಅಂಜನಾಪುರದ ಕಾಲುವೆಯಲ್ಲಿ ಮಂಡಿಯವರೆಗೆ ನೀರಿಗಿಳಿದು ಚಾಂದನಿಯ ಪಕ್ಕ ನಿಂತೆ. ಸಾಬರು ಇನ್ನೊಂದು ಪಕ್ಕ. ನಡುವೆ ಕುದುರೆ, ಮಾತಿಲ್ಲ. ಎರಡನೆಯ ವಾರ ಗಿರಿಜಮ್ಮ ರೊಟ್ಟಿ ಬುತ್ತಿ ಹಿಡಿದು ಬರತೊಡಗಿದರು. ಮೂರನೆಯ ವಾರ ಸೊರಬದಿಂದ ಬಸ್ಸು ಹತ್ತಿ ಹಾಲೇಶ ಬಂದ, ಒಂದು ಕೈ ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ. ಇನ್ನೊಂದು ಕೈಯಲ್ಲಿ ಚಾಂದನಿಯ ಕಾಲಿಗೆ ನೀರು ಎರಚಿದ.

ಸಾಬರು ಬಾಯಿ ಬಿಟ್ಟದ್ದು ಅವತ್ತೇ. "ನನ್ನ ಹೆಂಡತಿ ಕೇಳ್ತಾಳೆ, ಆ ಮೇಡಂ ಮೇಲೆ ಸಿಟ್ಟಿಲ್ವಾ ಅಂತ. ಐತೆ ಅಂದೆ. ಕೊಟ್ಟ ಮಾತು ಹೋಯ್ತಲ್ಲ, ಸಿಟ್ಟು ಇರಬೇಕಲ್ಲ?" ಎಂದು ಬಾಗಿ ಚಾಂದನಿಯ ಎಡಗಾಲು ಸವರಿದರು. ಮತ್ತೆ, ನನ್ನ ಕಡೆ ನೋಡದೆ, "ಆದ್ರೆ ಮೇಡಂ, ಹನ್ನೊಂದು ವರ್ಷ ಇವಳನ್ನ ಸಾಕಿದೀನಿ. ಈ ಪರಿ ಓಡೋದನ್ನ ನೋಡಿರಲಿಲ್ಲ. ಆ ಮೂರನೇ ಡ್ರಮ್ಮು ಬಿಟ್ಟು ಬಂದ್ಲಲ್ಲ... ನಮ್ಮಪ್ಪ ಇರಬೇಕಿತ್ತು."

ನೀರು ತಣ್ಣಗಿತ್ತು. ನಾನು ಅತ್ತದ್ದು ಯಾರಿಗೂ ಕಾಣದಿರಲಿ ಎಂದು ಚಾಂದನಿಯ ಕೊರಳಿಗೆ ಮುಖ ಒತ್ತಿ ನಿಂತೆ.

ಏಳನೆಯ ವಾರ ಅವಳು ನಾಲ್ಕೂ ಕಾಲೂರಿ ಮೆರವಣಿಗೆಗೆ ಹೋದಳು. ಸಾಬರು ಲಗಾಮಿನ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ಬ್ಯಾಂಡು ಏರಿ ಕೈಗಳು ಮೇಲೆದ್ದಾಗ ನಾನು ಅವಳ ಎಡ ಮುಂಗಾಲನ್ನೇ ನೋಡುತ್ತಿದ್ದೆ. ಚಾಂದನಿ ನಿಂತಳು, ತಿರುಗಿದಳು, ನಿಂತಳು. ಎಡಗಾಲು ಗಟ್ಟಿಯಾಗಿತ್ತು.

ಮೊನ್ನೆ ರಜೆಗೆ ಮೈಸೂರಿಗೆ ಬಂದಿದ್ದೆ. ಹಳೆಯ ಸವಾರಿ ಶಾಲೆಯ ಕುದುರೆ ಹತ್ತಿ ಮರಗಳ ನೆರಳಲ್ಲಿ ನಡೆಸಿದೆ. ಹಿತವಾಗಿತ್ತು. ಆದರೆ ಕಣ್ಣು ಸುಮ್ಮನೆ ಮರ ನೋಡಲು ಒಪ್ಪಲಿಲ್ಲ. ಅದರಾಚೆ ಎಲ್ಲಿ ತಿರುಗಬೇಕು ಎಂದು ಹುಡುಕುತ್ತಿತ್ತು. ಅಂಗಡಿಯಲ್ಲಿ "ಎಷ್ಟ್ರೀ?" ಎಂದೆ. ಅಂಗಡಿಯವನು, "ಯಾವೂರಮ್ಮ ನಿಮ್ದು?" ಎಂದು ಕೇಳಿದ. ಹುಟ್ಟಿದ ಬೀದಿಯಲ್ಲಿ ನಿಂತು ನಾನು ಎರಡು ಊರಿನ ಹೆಸರು ಹೇಳಿದೆ.

ಆ ದಿನ ಹಾಲೇಶನ ಮುಷ್ಟಿಯಲ್ಲಿ ಒಂದು ಗಿಟುಕ ಉಳಿದಿತ್ತಂತೆ. ಆಸ್ಪತ್ರೆಯವರು ಬೆರಳು ಬಿಡಿಸಿ ತೆಗೆದರಂತೆ. ಕಾಲುವೆಗೆ ಬಂದ ದಿನ ಅದನ್ನು ತಂದು ನನ್ನ ಕೈಗಿಟ್ಟ. "ಕಿತ್ತೋರಿಗೇ ಸೇರಬೇಕು, ಹೌದು. ಆದ್ರೆ ಇದನ್ನ ನಾನು ಗೆದ್ದದ್ದಲ್ಲ," ಎಂದ. ಅದನ್ನು ಒಡೆದು ಎರಡು ಹೋಳು ಮಾಡಿದೆ. ಒಂದನ್ನು ಗಿರಿಜಮ್ಮ ಹೋರಿಯ ಫೋಟೊದ ಕೆಳಗಿಟ್ಟಿದ್ದಾರೆ. ಇನ್ನೊಂದನ್ನು ಅಮ್ಮನಿಗೆ ತಂದುಕೊಟ್ಟೆ, ಪೂರ್ತಿ ಕಥೆ ಹೇಳದೆ. ಅಮ್ಮ ಅದನ್ನು ತುರಿದು ಬೀನ್ಸ್ ಪಲ್ಯಕ್ಕೆ ಹಾಕಿ, ಬಡಿಸುತ್ತ, "ವರ್ಗಾವಣೆ ಏನಾಯ್ತೇ?" ಎಂದು ಕೇಳಿದಳು.

ಅರ್ಜಿಯನ್ನು ವಾಪಸು ಪಡೆದಿಲ್ಲ. ಈ ವರ್ಷ ಮತ್ತೆ ಹಾಕಲೂ ಇಲ್ಲ. ಅಮ್ಮನಿಗೆ ಹೇಗೆ ಹೇಳುವುದೆಂದು ಯೋಚಿಸುತ್ತ ಇನ್ನೊಂದು ಸೌಟು ಪಲ್ಯ ಹಾಕಿಸಿಕೊಂಡೆ. ಅಷ್ಟರಲ್ಲಿ ಸಾಬರ ಫೋನು ಬಂತು: "ಡ್ರಮ್ಮು ಮತ್ತೆ ಗದ್ದೆಗೆ ತಂದಿಟ್ಟಿದೀನಿ ಮೇಡಂ. ಭಾನುವಾರ ಬರ್ತೀರಲ್ಲ? ಬರೀ ನಡಿಗೆ. ಕೊರಳಿಗೆ ಏನೂ ಬೇಡ."