ಡ್ರಾಯರಿನಲ್ಲಿದ್ದ ಬೀಡಿ ಕಟ್ಟು

ಗೆಳೆಯರೇ, ಇವತ್ತು ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುತ್ತಿದ್ದೇನೆ, ಯಾರೂ ತಡೆಯಬೇಡಿ.

ಚಳ್ಳಕೆರೆಯ ಆಸ್ಪತ್ರೆಯೊಂದರಲ್ಲಿ ನಾನು ನರ್ಸ್. ಸಿಗರೇಟು ಬಿಟ್ಟು ಎರಡು ತಿಂಗಳಾಯಿತು. ಬೆಳಿಗ್ಗೆ ಜೊತೆಯವರಿಬ್ಬರೂ ರಜೆ, ಇಡೀ ವಾರ್ಡ್ ನನ್ನೊಬ್ಬನ ಮೇಲೆ. ಡ್ರಿಪ್ ಬದಲಿಸಲು ಐದು ನಿಮಿಷ ತಡವಾಗಿದ್ದಕ್ಕೆ ರೋಗಿಯ ಕಡೆಯವನೊಬ್ಬ, "ಡ್ಯೂಟಿಗೆ ಬಂದು ನಿದ್ದೆ ಹೊಡೀತೀಯೇನಲೇ?" ಎಂದು ಎಲ್ಲರೆದುರು ಕೂಗಾಡಿದ. ಒಂದು ದಮ್ಮು ಎಳೆಯಲೇಬೇಕು ಅನ್ನಿಸಿತು. ಸೀದಾ ಹೋಗಿ ಟೇಬಲ್ಲಿನ ಡ್ರಾಯರ್ ಎಳೆದೆ. ರಾಂಪುರದಿಂದ ಬಂದು ವಾರ್ಡ್ ಸೇರಿದ್ದ ಅಜ್ಜನೊಬ್ಬನಿಂದ ನಿನ್ನೆ, "ನಾನೂ ಬಿಟ್ಟಿದ್ದೀನಿ" ಎಂದು ಹೇಳಿ ನಾನೇ ಕಿತ್ತುಕೊಂಡು ಇಟ್ಟಿದ್ದ ಬೀಡಿ ಕಟ್ಟು ಅಲ್ಲಿತ್ತು.

ಉಬ್ಬಸದ ಆ ಅಜ್ಜ ಎದುರಿನ ಮಂಚದಿಂದಲೇ ನೋಡುತ್ತಿದ್ದ. "ಸೇದಪ್ಪ, ಪರವಾಗಿಲ್ಲ. ನನಗೂ ಒಂದು ಕೊಡು, ಇಬ್ರೂ ಹಿಂದುಗಡೆ ಹೋಗಾನ" ಎಂದ.

ಅವನ ಕಣ್ಣೆದುರೇ ಕಟ್ಟನ್ನು ಫಿನಾಯಿಲ್ ಬಕೆಟ್ಟಿಗೆ ಹಾಕಿದೆ.

ಅಜ್ಜ ಬೆಳಿಗ್ಗೆಯಿಂದ ಬೇಡವೆನ್ನುತ್ತಿದ್ದ ಆಕ್ಸಿಜನ್ ಮಾಸ್ಕನ್ನು ತಾನೇ ಎಳೆದುಕೊಂಡು, "ನಿನ್ ಕೈಲಿ ಆಗ್ತೈತೆ ಅಂದ್ಮೇಲೆ ನನಗೇನು ಧಾಡಿ?" ಎಂದ.

ನನಗೆ ಪದಕವೇನೂ ಬೇಡ. ಸಂಜೆ ಯಾರೂ ಟೀ, ದಮ್ಮು ಅಂತ ಅಂಗಡಿಗೆ ಕರೆಯದಿದ್ದರೆ ಸಾಕು.