ಗೊರಕೆ ಡ್ರೈವರು

ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಮಧ್ಯಾಹ್ನ ಗೊರಕೆ ಡ್ರೈವರು ಬೆಂಚಿಗೆ ಬೆನ್ನು ತಾಗಿಸಿದನೆಂದರೆ ಕಿಟಕಿಯ ಗಾಜು ನಡುಗುತ್ತದೆ. "ಗೇರು ಬದಲಾಯಿಸ್ದ ನೋಡ್ರೋ, ಈಗ ದಿಬ್ಬ ಹತ್ತುತ್ತಾನೆ!" ಎಂದು ಮೆಕ್ಯಾನಿಕ್ಕುಗಳು ನಗುತ್ತಾರೆ. "ಪುಣ್ಯವಂತ, ಎಂಥಾ ನಿದ್ದೆ!" ಎಂದು ಮ್ಯಾನೇಜರು ಕರುಬುತ್ತಾನೆ. ಗೊರಕೆಯೇ ಸುಖನಿದ್ರೆಯ ಗುರುತೆಂದು ನಂಬಿ ಕೂತ ಡಿಪೋ ಅದು. ಅವನ ಕಂಡಕ್ಟರು ಮಾತ್ರ ನಗುವುದಿಲ್ಲ. ಗೊರಕೆ ಥಟ್ಟನೆ ನಿಂತು, ಉಸಿರೂ ನಿಂತು, ತುಟಿ ನೀಲಿಗಟ್ಟುವಾಗ ಪಕ್ಕೆ ತಿವಿದು ಎಬ್ಬಿಸುವವನು ಅವನೇ; ಸ್ಟೇರಿಂಗ್ ಮೇಲೆ ಡ್ರೈವರನ ತಲೆ ವಾಲಿದಾಗ ನಿಲ್ದಾಣವಿಲ್ಲದ ಕಡೆಯೂ ಸೀಟಿ ಊದುವವನೂ ಅವನೇ. "ಅಣ್ಣಾ, ಡಾಕ್ಟರು ಹೇಳಿದ ಪರೀಕ್ಷೆ ಮಾಡಿಸ್ಕೋ. ನಿದ್ದೇಲಿ ಉಸಿರು ಕಟ್ಟೋದಕ್ಕೆ ಚಿಕಿತ್ಸೆ ಇದೆಯಂತೆ" ಎಂದರೆ, "ಕಾಯಿಲೆ ಅಂತ ಕಾಗದದ ಮೇಲೆ ಬಂದ್ರೆ ಆಮೇಲೆ ಬಸ್ಸು ಕೊಡ್ತಾರೇನೋ? ಗೊರಕೆಗೆ ಯಾರಾದ್ರೂ ಸಾಯ್ತಾರಾ?" ಎಂದು ಡ್ರೈವರು ಗದರುತ್ತಾನೆ. ಪಾಪ, ಅಪಾಯ ಅವನಿಗೆ ತಿಳಿದಿಲ್ಲವೆಂದೇ ಕಂಡಕ್ಟರು ನಂಬಿದ್ದ. ಮೊನ್ನೆ ಬೆಳಿಗ್ಗೆ ಶಾಲೆಗೆ ಹೊರಟಿದ್ದ ಡ್ರೈವರನ ಮಗಳು, ಸೀಟು ಖಾಲಿಯಿದ್ದರೂ ನಿಲ್ದಾಣದಲ್ಲೇ ನಿಂತಳು. "ಹತ್ತು ಪುಟ್ಟಿ, ಅಪ್ಪನ ಬಸ್ಸೇ ಅಲ್ವಾ?" ಎಂದ ಕಂಡಕ್ಟರು. "ಬೇಡ ಮಾಮ. ನನ್ನ ಬಸ್ಸು ಮಾತ್ರ ಹತ್ತಬೇಡ, ಹಿಂದೆ ಬರೋ ಬಸ್ಸಲ್ಲಿ ಬಾ ಅಂತ ಅಪ್ಪ ಆಣೆ ಮಾಡಿಸ್ಕೊಂಡಿದ್ದಾರೆ." ಅವಳ ತರಗತಿಯ ಮಕ್ಕಳೆಲ್ಲ ಆಗಲೇ ಹತ್ತಿ ಕೂತಿದ್ದರು.